ಐದು ಬೆರಳಿನ ಹಣಿ

ನಗಬಾರದು ಅಂತ ಬಾಯಿಗೆ ಸೆರಗು ಒತ್ತಿಕೊಂಡಾಗಲೇ ನಮ್ಮ ಮನ್ಯಾಗ ಇಂಥವು ನಡೀತಾವ. ಮೊಮ್ಮಗಳ ಮದುವಿಗೆ ಆಗ ನಾಕು ತಿಂಗಳಿತ್ತು.

೧. ಫೋನಿನ್ಯಾಗಿನ ಕನ್ನಡ

ಅಕಿ ಹುಟ್ಟಿ ಬೆಳೆದದ್ದು ಇಲ್ಲೇ ಮುಂಬೈ ಕುರ್ಲಾದಾಗ. ಕನ್ನಡ ತಿಳೀತೈತಿ, ನಾಲಿಗಿ ಮಾತ್ರ ಎಡವತೈತಿ. ಒಂದಿನ ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿದಳು.

"ಅಜ್ಜಿ, ಮಮ್ಮಿಗೆ ಹೇಳಬೇಡ. ನನ್ನ ಹೆಣ ಬಹುತ್ ದೊಡ್ಡದು. ಮದುವೆ ಫೋಟೋದಲ್ಲಿ ಬರೀ ಅದೇ ಕಾಣುತ್ತೆ. ಡಾಕ್ಟರ್ ಸಣ್ಣದು ಮಾಡ್ತಾರೆ."

ನನ್ನ ಕೈಯಾನ ಲಟ್ಟಣಿಗಿ ಜಾರಿ ಬಿತ್ತು. "ಎಲ್ಲಿದ್ದಿಯವ್ವಾ? ಯಾರು ಏನಂದ್ರು ನಿನಗ?"

"ಅರೆ ಅಜ್ಜಿ, ಹೆಣ. ಮಾಥಾ. ಹುಬ್ಬಿನ ಮೇಲಿನದು."

ಹಣಿ ಅನ್ನಾಕ ಹೆಣ ಅಂದಿದ್ದಳು. ಒಂದು ತಂಬಿಗಿ ನೀರು ಕುಡಿದು, "ಹಣಿ ಇರಲಿ, ಮೊದಲ ನಾಲಿಗಿಗೆ ಆಪರೇಶನ್ ಮಾಡಿಸು" ಅಂದೆ.

೨. ನೇರಳೆ ಗೆರಿ

ಸೀರಿ ನೋಡಾಕ ಹೋಗ್ತೀವಿ ಅಂತ ಅವರವ್ವಗ ಸುಳ್ಳು ಹೇಳಿ, ಅಂಧೇರಿ ದವಾಖಾನಿಗೆ ಇಬ್ಬರೂ ಹೋದಿವಿ. ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಕೂದಲಿನ ಅಂಚಿಗೆ ಕೊಯ್ದು, ನೆತ್ತಿ ಚರ್ಮ ಮುಂದ ಎಳೆದು ಹೊಲಿಯೂದು. ಹಣಿ ಅವತ್ತೇ ಸಣ್ಣದಾಕೈತಿ, ಹೊಲಿಗಿ ಗುರುತು ಉಳೀಬಹುದು. ಇನ್ನೊಂದು, ಹಿಂದಿನ ಕೂದಲು ಕಿತ್ತು ಮುಂದ ಹಚ್ಚೂದು. ಮೊದಲ ಉದುರಿ, ಮತ್ತ ಬಂದು ತುಂಬಾಕ ವರ್ಷ ಹಿಡಿತೈತಿ.

"ಮೆಣಸಿನ ಸಸಿ ಹಚ್ಚಿದಂಗ" ಅಂದೆ. ಬಾಯಿ ಹಂಗಂತು, ಮನಸ್ಸಿನ್ಯಾಗ ಒಂದೇ ಮಾತು: ಮಾರಿ ಮ್ಯಾಲೆ ಕತ್ತಿ.

"ವರ್ಷ ಎಲ್ಲಿದೆ? ಕೊಯ್ಯೋದೇ ಮಾಡಿಸ್ತೀನಿ. ಸೋಮವಾರ ಫೋನ್ ಮಾಡಿ ಹೇಳ್ತೀನಿ" ಅಂದಳು ಹುಡುಗಿ.

ಹೊಸ ಕೂದಲು ಎಲ್ಲಿಗೆ ಬರತೈತಿ ಅಂತ ತೋರಸಾಕ ಡಾಕ್ಟರು ಹಣಿ ಮ್ಯಾಲೆ ನೇರಳೆ ಪೆನ್ನಿನಿಂದ ಗೆರಿ ಎಳೆದಿದ್ದರು. ತಿಕ್ಕಿದರೂ ಹೋಗಲಿಲ್ಲ. ಲೋಕಲ್ ಟ್ರೇನಿನ್ಯಾಗ ಒಬ್ಬಾಕಿ ಮರಾಠಿ ಹೆಣ್ಣುಮಗಳು ಆ ಗೆರಿ ನೋಡಿ ಎದ್ದು ಜಾಗಾ ಕೊಟ್ಟು, ಯಾವ ದೇವಿದು ಅಂತ ಕೇಳಿದಳು.

"ಅಂಧೇರಿ ದೇವಿ" ಅಂದೆ. "ಭಾಳ ಉಗ್ರ. ದರ್ಶನಕ್ಕ ಅಪಾಯಿಂಟ್ಮೆಂಟ್ ಬೇಕು."

ಆಕಿ ಕೈ ಮುಗಿದಳು.

೩. ಬಾಸಿಂಗ

ಆ ಐತ್ವಾರ ಬೀಗತಿ ಮಗನ್ನ ಕರಕೊಂಡು ಬಂದಳು. ಊರಾಗ ಬಾಸಿಂಗ ಮಾಡಾಕ ಹೇಳಬೇಕು, ಇಬ್ಬರ ಹಣಿ ಅಳತಿ ಬೇಕು ಅಂದಳು. ಮೊಮ್ಮಗಳು ಬಾಸಿಂಗ ಕಂಡಾಕಿ ಅಲ್ಲ.

"ಮದುವಿ ದಿನ ಗಂಡು ಹೆಣ್ಣಿನ ಹಣಿಗೆ ಕಟ್ಟತಾರವ್ವಾ, ಕಿರೀಟದಂಗ" ಅಂದೆ.

"ಹಣೆ ಪೂರಾ ಮುಚ್ಚುತ್ತಾ?"

"ಪೂರಾ."

ಹುಡುಗಿ ಸೆಟದು ಕುಂತಳು. ಬೀಗತಿ ಹಣಿ ಮ್ಯಾಲೆ ಬೆರಳಿಟ್ಟು ಎಣಿಸಿ, "ಐದು ಬೆರಳು" ಅಂದಾಗ ಮತ್ತ ಮಾರಿ ಸಣ್ಣದಾತು.

"ಈಗ ನೀ ಟೊಪ್ಪಿಗಿ ತಗಿಯಪಾ" ಅಂದಳು ಮಗಗ. ನಿಶ್ಚಯಕ್ಕೂ ತಲಿಗೆ ಪಟಕಾ ಸುತಗೊಂಡು ಕುಂತಿದ್ದ ಹುಡುಗ ಅವನು. ಬಾಗಿಲಾ ನೋಡಿದ, ಟೊಪ್ಪಿಗಿ ತಗದ. ಬೀಗತಿ ಐದು, ಆರು, ಏಳು ಅಂತ ನೆತ್ತಿಗೆ ಬಂದು, "ಇಲ್ಲಿಗೆ ಮುಗೀತು ಅಂತ ತಿಳಕೊಳ್ಳೂಣು" ಅಂದಳು.

ಅವನು ನಮ್ಮ ಹುಡುಗಿಗೆ ಮೆಲ್ಲಕ, "ಸಾರಿ, ಹೇಳಬೇಕಂತಿದ್ದೆ. ಅಂಧೇರಿಯಾಗ ಒಬ್ಬರು ಡಾಕ್ಟರು..." ಅಂದ.

"ನೇರಳೆ ಪೆನ್ನಿನವರಾ?" ಅಂದಳು ಅಕಿ.

ಸೋಮವಾರ ಡಾಕ್ಟರಿಗೆ ಫೋನ್ ಹೋತು: ಎರಡು ಹಣಿಗೂ ಆಪರೇಶನ್ ಬ್ಯಾಡ.

ಮದುವಿಯೆಲ್ಲಾ ಬಾಸಿಂಗದಾಗ ಚಂದಾಗಿ ನಡೀತು. ಬಿಚ್ಚೂ ಹೊತ್ತಿಗೆ ಮಾತ್ರ "ಮೊದಲು ನೀನು", "ನೀನೇ ಮೊದಲು" ಅಂತ ಇಬ್ಬರೂ ಗಂಟು ಹಿಡಕೊಂಡು ಕುಂತರು. "ಕೂಡೇ ಬಿಚ್ಚರಿ" ಅಂತ ನಾನೇ ಗದರಿಸಿದೆ.

ಬಿಚ್ಚಿದರು. ಮದುವಿ ಹಾಲ್‌ನ್ಯಾಗಿನ ದೀಪೆಲ್ಲಾ ಎರಡು ಹಣಿ ಮ್ಯಾಲೆ ಹೊಳದವು. ಫೋಟೋದಾವ ಕ್ಯಾಮರಾ ಇಳಿಸಿ ನನ್ನ ಕಿವಿಯಾಗಂದ:

"ಆಜಿ, ಫ್ಲ್ಯಾಶ್ ಬಂದ್ ಮಾಡ್ತೀನಿ. ಬೆಳಕು ಸಾಕಾತು."