ಬಾಡಿಗೆ ಮನೆಯ ಗ್ಲಾಡಿಯೋಲಸ್

ಗ್ಲಾಡಿಯೋಲಸ್ ಹೂಗಿಡ ಹಚ್ಚಿದ ಮನೆಯಲ್ಲಿ ಏನಾದರೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ಈಗ ರಾಯಬಾಗದಲ್ಲಿ ನಮಗೆ ಸ್ವಂತ ಮನೆಯಿದೆ, ಹಿತ್ತಲಿದೆ, ಪ್ರತಿ ಚಳಿಗಾಲಕ್ಕೂ ಹೂ ಬಿಡುತ್ತದೆ. ಆದರೂ ಗಡ್ಡೆಗಳನ್ನು ಮಣ್ಣಿಗೆ ಇಡುವಾಗೆಲ್ಲ ನೆನಪಾಗುವುದು ಚಿಕ್ಕೋಡಿಯ ಆ ಬಾಡಿಗೆ ಮನೆ ಮತ್ತು ಅದರ ಮಾಲಕಿ ಅಜ್ಜಿ. ನಾನಾಗ ಅಲ್ಲಿ ಶಾಲೆಯಲ್ಲಿ ಟೀಚರ್, ಓಣಿಗೆಲ್ಲ 'ಬಾಯಾರು'. ಅಜ್ಜಿಯ ಮನೆ ಮುಂದೆ, ನಮ್ಮದು ಹಿಂದೆ, ನಡುವೆ ಒಂದು ಕಟ್ಟೆ ಮತ್ತು ಹಿತ್ತಲಿನ ತುಸು ಖಾಲಿ ಜಾಗ. ಆ ಜಾಗದಲ್ಲೇ ನನ್ನ ತೋಟಗಾರಿಕೆ ಶುರುವಾಗಿದ್ದು.

ಗಡ್ಡೆ

ಕೊಲ್ಹಾಪುರಕ್ಕೆ ಹೋದಾಗ ಒಂದು ನರ್ಸರಿಯಿಂದ ಗಡ್ಡೆ ತಂದಿದ್ದೆ. ಚೀಲದಲ್ಲಿ ಬೆವೆತು ತೇವವಾಗಿದ್ದವು, ಆರಲಿ ಎಂದು ಕಟ್ಟೆಯ ಮೇಲೆ ಹರವಿದೆ. ಕೆಂಪು ಸಿಪ್ಪೆ, ದುಂಡನೆ ಆಕಾರ, ನೋಡಿದರೆ ಥೇಟ್ ಉಳ್ಳಾಗಡ್ಡಿ.

ಅಜ್ಜಿ ಜೈನರು, ನೇಮದವರು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಅವರ ಹೊಸ್ತಿಲ ಒಳಗೆ ಬರುವಂತಿರಲಿಲ್ಲ. ಆದರೆ ಬಾಡಿಗೆಯವರ ಅಡಿಗೆಮನೆಗೆ ಎಂದೂ ಇಣುಕಿದವರಲ್ಲ. ಕಟ್ಟೆಯ ಮೇಲಿನ ಗಡ್ಡೆ ನೋಡಿದ ದಿನದಿಂದ ಅವರ ಮನೆಯಿಂದ ನಮಗೆ ಬರುತ್ತಿದ್ದ ಮಜ್ಜಿಗೆ ನಿಂತುಹೋಯಿತು. ಯಾಕೆಂದು ತಿಳಿಯದೆ ಒದ್ದಾಡಿ, ಕೊನೆಗೆ ನಾನೇ ಹೋಗಿ ಕೇಳಿದೆ.

"ನಿಮ್ಮ ಮನ್ಯಾಗ ನೀವು ಏನರೆ ತಿನ್ರಿ ಬಾಯಾರ. ಖರೆ ನನ್ನ ಕಟ್ಟೀ ಮ್ಯಾಲ ಅಂಗಡಿ ಯಾಕ ಹಚ್ಚೀರಿ?" ಎಂದರು.

ಅದು ಹೂವಿನ ಗಡ್ಡೆ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಸೆರಗಿನ ತುದಿಯಿಂದ ಒಂದನ್ನು ಹಿಡಿದು ದೂರದಿಂದಲೇ ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ನನ್ನನ್ನು ಕನಿಕರದಿಂದ ನೋಡಿದರು.

"ವಾಸನೀನ ಇಲ್ಲಲ್ಲ. ಪಾಪ, ನಿಮಗ ಮೋಸ ಮಾಡ್ಯಾರ. ಉಳ್ಳಾಗಡ್ಡೀನೂ ಖರೇದು ಕೊಟ್ಟಿಲ್ಲ."

ಸಂಜೆ ಮಜ್ಜಿಗೆ ಬಂತು. ಮೋಸ ಹೋದವರಿಗೆಂದು ಆ ದಿನ ಒಂದು ಲೋಟ ಜಾಸ್ತಿಯೇ ಬಂತು.

ಪಟ್ಟಿ ಕಟ್ಟಿದ್ದು

ಗಿಡಗಳು ಸೊಂಟದೆತ್ತರ ಬಂದವು. ಮೊಗ್ಗಿನ ಕಡ್ಡಿ ಹೊರಟ ಮೇಲೆ ಗಾಳಿಗೆ ವಾಲತೊಡಗಿದವು. ಪಕ್ಕದಲ್ಲಿ ಕೋಲು ನೆಟ್ಟು ಕಟ್ಟಿರಿ ಎಂದು ನಮ್ಮವರಿಗೆ ಹೇಳಿ ನಾನು ಶಾಲೆಗೆ ಹೋದೆ. ಅವರು ತಮ್ಮ ಹಳೆಯ ಬಿಳಿ ಧೋತರ ಹರಿದು, ಒಂದೊಂದು ಗಿಡಕ್ಕೂ ಅಗಲವಾದ ಪಟ್ಟಿ ಸುತ್ತಿ ಗಂಟು ಹಾಕಿದ್ದರು. ಬಂದು ನೋಡಿದರೆ ಹಿತ್ತಲು ದವಾಖಾನೆಯಾಗಿತ್ತು.

ಮರುದಿನ ಏಕಸಂಬಿಯ ಹಾಲಿನವನು ಬಂದು ಗಿಡಗಳನ್ನು ನೋಡಿ ನಿಂತ. ಏನಾಗೇತ್ರಿ ಇವಕ್ಕ ಎಂದು ಕೇಳಿದ. ನಮ್ಮವರು ನಗದೆ, "ಬೆನ್ನ ನೋವು" ಎಂದುಬಿಟ್ಟರು. ಅವನು ತಲೆಯಾಡಿಸಿದ. ಅಂದಿನಿಂದ ಹಾಲು ಹಾಕುವ ಮೊದಲು ಒಂದು ಸುತ್ತು ಹಿತ್ತಲಿಗೆ ಹೋಗಿಬಂದು, ಇವತ್ತು ಪರವಾಗಿಲ್ಲ, ಮೂಲೆಯದು ಇನ್ನೂ ಬಾಗೇ ಐತಿ ಎಂದು ನನಗೆ ವರದಿ ಕೊಡುತ್ತಿದ್ದ.

ಅದೇ ವಾರ ನಮ್ಮವರು ಜ್ವರ ಬಂದು ಅದೇ ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದರು. ಹಾಲಿನವನು ದಿನಾ ಅವರನ್ನು ದಾಟಿಕೊಂಡು ಗಿಡಗಳನ್ನು ವಿಚಾರಿಸಲು ಹೋಗುತ್ತಿದ್ದ.

ಬೀಗರು ಬಂದ ದಿನ

ಅಜ್ಜಿಗೆ ಒಬ್ಬಳು ಮೊಮ್ಮಗಳು. ಹಿತ್ತಲಲ್ಲಿ ನನ್ನ ಜೋಡಿ ನೀರು ಹಾಕುವಾಗ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಹೊಸಬರು ಎದುರು ಕೂತರೆ ಮಾತ್ರ ನಾಲಿಗೆಯೇ ಏಳುತ್ತಿರಲಿಲ್ಲ. ಹೆಣ್ಣು ನೋಡಲು ಬಂದ ಎರಡು ಮನೆಯವರು, ಹುಡುಗಿ ಮೂಕಿಯೇನೋ ಎಂದು ಅನುಮಾನಪಟ್ಟು ಹೋಗಿದ್ದರು. ಅಜ್ಜಿ ಹೊರಗೆ ತೋರಿಸದಿದ್ದರೂ ಊಟ ಕಡಿಮೆ ಮಾಡಿದ್ದರು.

ಅಥಣಿಯಿಂದ ದ್ರಾಕ್ಷಿ ತೋಟದವರು ಬರುವವರಿದ್ದರು. ಚಂದ ಕಾಣುವ ಹೂ ಬೇಕು ಎಂದರು ಅಜ್ಜಿ. ಗ್ಲಾಡಿಯೋಲಸ್‌ನ ಕಡ್ಡಿಯನ್ನು ಕೆಳಗಿನ ಮೊಗ್ಗು ಬಣ್ಣ ತೋರಿಸಿದಾಗಲೇ ಕೊಯ್ಯಬೇಕು, ಉಳಿದವು ನೀರಿನಲ್ಲಿ ಅರಳುತ್ತವೆ. ಹಿಂದಿನ ದಿನ ಸಂಜೆ ಹಾಗೆಯೇ ಕೊಯ್ದು ತಂಬಿಗೆಯಲ್ಲಿಟ್ಟೆ. ಹಸಿರು ಕಡ್ಡಿಗಳನ್ನು ನೋಡಿ ಅಜ್ಜಿಯ ಮುಖ ಇಳಿದುಹೋಯಿತು. ಬೆಳಗಾಗುವುದರೊಳಗೆ ಒಂದೊಂದು ಕಡ್ಡಿಯ ಬುಡದಲ್ಲಿ ಎರಡು ಕೆಂಪು ಹೂ ಬಂದಿದ್ದವು, ಅಷ್ಟೇ.

ಬೀಗರು ಬಂದರು. ಹುಡುಗನ ತಾಯಿ ಏನು ಕೇಳಿದರೂ ಹುಡುಗಿ ತಲೆಯಾಡಿಸಿದಳು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಮಾತು ಸಿಗದೆ ಆ ತಾಯಿ ತಂಬಿಗೆ ನೋಡಿದರು. ಇದೇನ್ರಿ, ಎರಡು ಅರಳಿ ಉಳಿದದ್ದೆಲ್ಲ ಮುಚ್ಚಿಕೊಂಡೇ ಐತಿ ಎಂದರು.

ಅಜ್ಜಿ ಒಂದು ಕ್ಷಣವೂ ತಡೆಯಲಿಲ್ಲ. "ಅದರ ಜಾತೀನ ಹಂಗರಿ. ಬಂದ ದಿನಾನ ಎಲ್ಲಾ ಬಿಚ್ಚಂಗಿಲ್ಲ. ನಿಮ್ಮ ಮನ್ಯಾಗ ಇಟ್ಕೊಂಡ ನೋಡ್ರಿ, ದಿನಕ್ಕ ಒಂದೊಂದ ಅರಳತೈತಿ. ನಮ್ಮ ಹುಡುಗೀನೂ ಹಂಗ."

ಎಲ್ಲರೂ ನಕ್ಕರು. ಹುಡುಗಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ, ಮೆಲ್ಲಗೆ, "ದಿನಾ ನೀರು ಬದಲಿಸಬೇಕ್ರಿ" ಎಂದಳು. ಅವಳ ಮೊದಲ ಮಾತು ಅದು. ಹುಡುಗ ಬದಲಿಸ್ತೀನಿ ಎಂದ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರ ಬಾಯಿ ಸಿಹಿ ಮಾಡಲು ಸಕ್ಕರೆ ತರಲು ಒಳಗೆ ಹೋದರು.

ಮದುವೆಯಾಗಿ ವರ್ಷ ತುಂಬುವುದರೊಳಗೆ ಅಥಣಿಯಿಂದ ಹುಡುಗನ ತಾಯಿಯ ಫೋನು ಬಂತು. ಅಜ್ಜಿ ನನ್ನನ್ನೂ ಕರೆದು ಸ್ಪೀಕರ್ ಹಾಕಿದರು.

"ನಿಮ್ಮ ಮೊಮ್ಮಗಳು ತುದೀ ಮಟಾ ಅರಳ್ಯಾಳ್ರಿ. ದ್ರಾಕ್ಷಿ ದಲಾಲರ ಜೋಡಿ ಈಗ ಆಕೀನ ಮಾತಾಡತಾಳ, ನಮಗೂ ಛಲೋ ರೇಟ್ ಸಿಕ್ಕೈತಿ. ಖರೆ ಮನ್ಯಾಗ ನಮಗ ಬಾಯಿ ತೆರ್ಯಾಕ ಪಾಳಿ ಸಿಗವಲ್ದು. ನೀರು ಬದಲಿಸೂದು ಒಂದೆರಡ ದಿನ ಬಿಟ್ಟರ ನಡೀತೈತೇನ, ಬಾಯಾರನ್ನ ಕೇಳಿ ಹೇಳ್ರಿ."