ಹಾಲಿಗೆ ಸೇರಬಾರದ ವಸ್ತುಗಳ ಪಟ್ಟಿ

ನಮ್ಮ ಮನೆಯ ಹಾಲನ್ನು ಸಮಸ್ತ ವಿಷಗಳಿಂದ ಮುಕ್ತಗೊಳಿಸುವ ಮಹತ್ಕಾರ್ಯಕ್ಕೆ ನಾನು ಕೈಹಾಕಿದ್ದು ಒಂದು ಭಾನುವಾರ ಬೆಳಿಗ್ಗೆ, ಕಾಫಿ ಕುಡಿಯುತ್ತಾ. ಫೋನಿನಲ್ಲಿ ಓದಿದ ಲೇಖನವೊಂದು ಹೆದರಿಸಿಬಿಟ್ಟಿತ್ತು. ಹಸುವಿಗೆ ಕೊಟ್ಟ ಔಷಧ, ಮೇವಿಗೆ ಹೊಡೆದ ಕೀಟನಾಶಕ, ಡಬ್ಬಿಯ ಪ್ಲಾಸ್ಟಿಕ್ಕು, ಎಲ್ಲದರ ಅಂಶವೂ ಹಾಲಿನ ಮೂಲಕ ನಮ್ಮ ಹೊಟ್ಟೆ ಸೇರಬಹುದಂತೆ. ನಾನೋ, ಅಮೆರಿಕದ ಪ್ಲಿಮತ್ತಿನಲ್ಲಿ ಕಾರಿನ ಬಿಡಿಭಾಗಗಳ ತಪಾಸಣೆ ಮಾಡುವವನು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಲೋಡುಗಟ್ಟಲೆ ಮಾಲನ್ನು ವಾಪಸ್ ಕಳಿಸುವ ನನಗೆ ಒಂದು ಗ್ಯಾಲನ್ ಹಾಲು ಯಾವ ಲೆಕ್ಕ!

‘ಹಾಲಿಗೆ ಸೇರಬಾರದ ವಸ್ತುಗಳು’ ಎಂದು ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಆರ್ಗ್ಯಾನಿಕ್ ಹಾಲು ಗಾಜಿನ ಬಾಟಲಿಯಲ್ಲಿ ಬಂತು. ಮನೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಗಳೆಲ್ಲ ರೀಸೈಕ್ಲಿಂಗ್ ತೊಟ್ಟಿಗೆ ಹೋದವು. ನನ್ನ ಹೆಂಡತಿ ಸುಮಾ ಪಟ್ಟಿಯನ್ನು ಎರಡು ಸಲ ಓದಿ, ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಮುಂದಿನ ವಾರಾಂತ್ಯ ಅವಳು ಗೆಳತಿಯರ ಜೊತೆ ದೂರದ ಅರೋರಾದ ದೇವಸ್ಥಾನಕ್ಕೆ ಹೊರಟಳು. ಹೋಗುವಾಗ ಹೇಳಿದ್ದು ಇಷ್ಟೇ: “ಹಾಲಿಗೆ ಹೆಪ್ಪು ಹಾಕೋದು ಮರೀಬೇಡಿ. ಹೆಪ್ಪು ಸ್ವಲ್ಪ ಎತ್ತಿಡಿ. ಅಮ್ಮಂದು ಅಂತ ಉಳಿದಿರೋದು ಅದೊಂದೇ.”

ನಿಜ. ಆರು ವರ್ಷದ ಹಿಂದೆ ನಮ್ಮಲ್ಲಿಗೆ ಬಂದಿದ್ದ ಅತ್ತೆ, ಅಂಗಡಿಯ ಮೊಸರು ಬಾಯಿಗೆ ಹಿಡಿಸದೆ, ಮೆಣಸಿನಕಾಯಿ ತೊಟ್ಟು ಹಾಕಿ ಹಾಲನ್ನು ಮೊಸರು ಮಾಡಿದ್ದರು. ಅವರು ತೀರಿಕೊಂಡು ವರ್ಷವಾಯಿತು. ಆ ಮೊಸರು ಮಾತ್ರ ಇವತ್ತಿನದು ನಾಳೆಗೆ ಎಂದು ನಡೆದುಬಂದಿತ್ತು.

ಪ್ಲಾಸ್ಟಿಕ್ ನಿಷಿದ್ಧ, ಸ್ಟೀಲಿನ ಮೇಲೂ ನನಗೆ ಅನುಮಾನ. ಹಾಗಾಗಿ ಶೋಕೇಸಿನಲ್ಲಿದ್ದ ನಮ್ಮಜ್ಜಿಯ ಹಿತ್ತಾಳೆ ತಪ್ಪಲೆಯನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ, ಒಳಗೂ ಹೊರಗೂ ಫಳಫಳ ಎನ್ನುವಂತೆ ಉಜ್ಜಿದೆ. ಉಗುರುಬೆಚ್ಚಗಿನ ಹಾಲಿಗೆ ಇದ್ದ ಹೆಪ್ಪನ್ನೆಲ್ಲ ಸುರಿದೆ. ಎತ್ತಿಡುವುದೇಕೆ, ನಾಳೆ ತಪ್ಪಲೆ ತುಂಬ ಇರುತ್ತದಲ್ಲ! ಬೆಚ್ಚಗಿರಲೆಂದು ಓವನ್ನಿನ ದೀಪ ಹಾಕಿ ಒಳಗಿಟ್ಟವನು ಮರುದಿನ ಮಧ್ಯಾಹ್ನದವರೆಗೂ ಅದನ್ನು ಮರೆತೆ.

ತೆಗೆದಾಗ ಮೊಸರಿನ ಅಂಚು ಹಸಿರಾಗಿತ್ತು. ಶುದ್ಧತೆಯ ಬಣ್ಣವೇ ಹಾಗಿರಬಹುದೆಂದು ಎರಡು ಚಮಚ ತಿಂದೆ. ಹತ್ತು ನಿಮಿಷದಲ್ಲಿ ಸಿಂಕಿಗೆ ಬಗ್ಗಿ ನಿಂತಿದ್ದೆ. ಮಗಳು “ಡ್ಯಾಡ್, ಆರ್ ಯು ಓಕೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕದ ಮನೆಗೆ ಓಡಿ, ಧಾರವಾಡದ ಲಲಿತಾ ಆಂಟಿಯನ್ನು ಕರೆತಂದಳು.

ಆಂಟಿ ನನ್ನನ್ನು ನೋಡಲಿಲ್ಲ, ತಪ್ಪಲೆ ನೋಡಿದರು. “ಕಲಾಯಿ ಇಲ್ಲದ ಹಿತ್ತಾಳ್ಯಾಗ ಮಸರು ಹಾಕ್ತಾರೇನ್ರಿ ಶ್ರೀಧರ? ಕಿಲುಬು ತಿಂದೀರಿ.”

ತವರದ ಕಲಾಯಿ ಸವೆದ ಹಿತ್ತಾಳೆಗೆ ಹುಳಿ ತಾಗಿದರೆ ವಿಷ ಎಂಬುದು ನಮ್ಮಜ್ಜಿಗೆ ಗೊತ್ತಿತ್ತು. ಲೇಖನದಲ್ಲಿ ಇರಲಿಲ್ಲ! ಹಸು, ಮೇವು, ಡಬ್ಬಿ ಎಲ್ಲವನ್ನೂ ತಪಾಸಣೆ ಮಾಡಿದ ನಾನು ತಪ್ಪಲೆಯನ್ನು ಬರೀ ತೊಳೆದಿದ್ದೆ.

ಹೊಟ್ಟೆ ಸಂಜೆಯ ಹೊತ್ತಿಗೆ ಸರಿಹೋಯಿತು. ಮನಸ್ಸು ಸರಿಹೋಗಲಿಲ್ಲ. ಸುಮಾಗೆ ಏನು ಹೇಳಲಿ? ಅವಳ ಅಮ್ಮನ ಮೊಸರನ್ನು ನಾನೇ ಕೈಯಾರೆ ಹಾಳುಮಾಡಿದೆ ಎಂದೇ? ಆಂಟಿಯ ಮುಂದೆ ಅಳುವುದೊಂದು ಬಾಕಿಯಿತ್ತು.

ಅವರು ಮನೆಗೆ ಹೋಗಿ ಒಂದು ಡಬ್ಬಿ ಹಿಡಿದು ಬಂದರು. “ನಿಮ್ಮ ಅತ್ತಿನೇ ಕೊಟ್ಟಿದ್ದ ಹೆಪ್ಪು. ನಮ್ಮ ಮನ್ಯಾಗೂ ನಡದದ.”

ಡಬ್ಬಿ ಎಲ್ಲೋ ನೋಡಿದಂತಿತ್ತು. ಪ್ಲಾಸ್ಟಿಕ್ಕಿನದು. ಒಳ್ಳೆಯ ಡಬ್ಬಿ ಯಾಕೆ ಹಾಳಾಗಬೇಕೆಂದು ಅವರು ಅದನ್ನು ನನ್ನ ತೊಟ್ಟಿಯಿಂದಲೇ ಎತ್ತಿಕೊಂಡಿದ್ದರಂತೆ. ಎರಡೂ ಕೈಯಲ್ಲಿ, ಪ್ರಸಾದದಂತೆ ತೆಗೆದುಕೊಂಡೆ.

ಸುಮಾ ಬಂದಾಗ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಆಂಟಿ ಕೊಟ್ಟ ಡಬ್ಬಿಯಿಂದ ಒಂದು ಚಮಚ ಮೊಸರು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಪೆನ್ನು ಕೇಳಿದಳು.

ಪಟ್ಟಿ ಈಗಲೂ ಫ್ರಿಜ್ಜಿನ ಮೇಲಿದೆ. ಔಷಧ, ಕೀಟನಾಶಕ, ಪ್ಲಾಸ್ಟಿಕ್ಕು. ಅದರ ಕೆಳಗೆ ಸುಮಾಳ ದುಂಡು ಅಕ್ಷರದಲ್ಲಿ ಇನ್ನೊಂದು ಹೆಸರು: ಶ್ರೀಧರ.