ದೀಪ ಉರಿದರೆ ಬಾಯಿ ಮುಚ್ಚಿ

ಚೈತನ್ಯನ ಲ್ಯಾಪ್‌ಟಾಪಿನಲ್ಲಿ ಮೈಕು ಮುಚ್ಚುವ ಗುಂಡಿಯ ಮೇಲೆ ಎಳ್ಳುಕಾಳಿನಷ್ಟು ಕೆಂಪು ದೀಪವೊಂದಿತ್ತು. ಇತ್ತು ಅಷ್ಟೇ, ಉರಿಯುತ್ತಿರಲಿಲ್ಲ. ಪಾಂಡವಪುರದ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿದ್ದ ಅವನಿಗೆ ಶಾಲೆಯವರೇ ಕೊಟ್ಟ ಹಳೇ ಲ್ಯಾಪ್‌ಟಾಪು ಅದು. ವಿಂಡೋಸ್ ಹಾಕಿದರೆ ಏದುಸಿರು ಬಿಡುತ್ತದೆಂದು ಲಿನಕ್ಸ್ ಹಾಕಿಕೊಂಡಿದ್ದ. ಅಲ್ಲೊಂದು ದೀಪ ಇದೆಯೆಂಬ ಸಂಗತಿಯೇ ಲಿನಕ್ಸಿಗೆ ಗೊತ್ತಿರಲಿಲ್ಲ.

ಉರಿಯದಿದ್ದರೆ ಯಾರಪ್ಪನ ಗಂಟು ಹೋಯಿತು ಅನ್ನುತ್ತೀರಿ. ಹೋದದ್ದು ಚೈತನ್ಯನ ಮಾನ! ಹೋದ ತಿಂಗಳು ಸೆಕ್ರೆಟರಿ ಚಿಕ್ಕಯ್ಯನವರು ವಿಡಿಯೋ ಮೀಟಿಂಗಿನಲ್ಲಿ ಶಿಸ್ತಿನ ಬಗ್ಗೆ ಭಾಷಣ ಮಾಡುತ್ತಿದ್ದರು. ಮೈಕು ಮುಚ್ಚಿದೆ ಅಂತ ಇವನು ನಂಬಿ ಕೂತಿದ್ದ. ಅದೇ ಹೊತ್ತಿಗೆ ಇವನ ತಾಯಿ ಚಲುವಮ್ಮ ಬಾಗಿಲಲ್ಲಿ ಮೀನು ಮಾರುವವನ ಮೇಲೆ ಎಗರಿದಳು. "ಇದೇನ್ಲಾ ಇದು, ಕಣ್ಣೆಲ್ಲ ಗುಳಿ ಬಿದ್ದೋಗದೆ! ಇದ್ನ ಯಾವನ್ಲಾ ನೋಡ್ತಾನೆ?" ಚಿಕ್ಕಯ್ಯನವರ ಕಣ್ಣೂ ಕೊಂಚ ಗುಳಿ ಬಿದ್ದದ್ದೇ. ಅವರು ಭಾಷಣ ನಿಲ್ಲಿಸಿ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

ಈವತ್ತು ಮಧ್ಯಾಹ್ನ ಮತ್ತೆ ಮೀಟಿಂಗು. ನಾಗಮಂಗಲದ ಶಾಖೆಗೆ ಒಬ್ಬ ಕಂಪ್ಯೂಟರ್ ಮೇಷ್ಟ್ರು ಬೇಕು. ಹೋದವನೇ ಅಲ್ಲಿಯ ಹಾಸ್ಟೆಲ್ಲಿಗೂ ವಾರ್ಡನ್ನು, ರಾತ್ರಿ ಅಲ್ಲೇ ಮಲಗಬೇಕು. ಇದ್ದವರು ಇಬ್ಬರೇ ಮೇಷ್ಟ್ರು, ಇನ್ನೊಬ್ಬ ಚಿಕ್ಕಯ್ಯನವರ ಷಡ್ಡಕನ ಮಗ. ಬಾಣ ಯಾರ ಕಡೆಗೆ ತಿರುಗಿದೆಯೆಂದು ಬೇರೆ ಹೇಳಬೇಕೆ? ಚೈತನ್ಯನ ಹೆಂಡತಿ ಪ್ರಮೀಳಾ ಮೊದಲು ಬೀದರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು, ಇವನು ಪಾಂಡವಪುರದ ಹತ್ತಿರದ ಬೆಳಗೊಳದಲ್ಲಿ ತಾಯಿಯ ಜೊತೆ ಇದ್ದ. ಮದುವೆಯಾಗಿ ಎರಡು ವರ್ಷ ಫೋನಿನಲ್ಲೇ ಸಂಸಾರ ಮಾಡಿ, ಈ ಯುಗಾದಿಗಷ್ಟೇ ಅವಳು ವರ್ಗವಾಗಿ ಊರಿಗೆ ಬಂದಿದ್ದಳು. ಈಗ ಇವನು ಹೊರಡಬೇಕೆ?

ಸೊಂಟ ನೋವು ಅಂತ ಹೇಳಿ ತಪ್ಪಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಆದರೆ ಮನೆಯವರ ಮಾತು ಮೈಕಿನಲ್ಲಿ ಹೋದರೆ ಕೆಲಸ ಕೆಟ್ಟಂತೆ. ಆದ್ದರಿಂದ ದಸರಾ ರಜೆಯ ಆ ಬೆಳಿಗ್ಗೆ ಚೈತನ್ಯ ದೀಪಕ್ಕೊಂದು ಡ್ರೈವರ್ ಬರೆಯಲು ಕೂತ. ಡ್ರೈವರ್ ಎಂದರೆ ಮತ್ತೇನಲ್ಲ, ಮದುವೆ ದಲ್ಲಾಳಿಯಂಥ ಒಂದು ಪುಟ್ಟ ಪ್ರೋಗ್ರಾಮು. ಲಿನಕ್ಸಿನ ಮಾತನ್ನು ದೀಪಕ್ಕೆ ಮುಟ್ಟಿಸಬೇಕು, ದೀಪ ಒಪ್ಪಬೇಕು.

ದೀಪ ಸುಲಭಕ್ಕೆ ಒಪ್ಪಲಿಲ್ಲ. ಮೊದಲು ಪಕ್ಕದ ಗುಂಡಿಯ ದೀಪ ಮಿಣಮಿಣ ಮಿನುಗಿತು. ಇನ್ನೊಂದು ಸಲ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಅರಚಿತು. ಆಮೇಲೆ ಇಡೀ ಪರದೆ ಕಪ್ಪಾಯಿತು.

"ಓಯ್ತಾ ಮಗ?" ಎಂದಳು ಚಲುವಮ್ಮ, ಸಾವಿನ ಮನೆಯಲ್ಲಿ ವಿಚಾರಿಸುವ ದನಿಯಲ್ಲಿ.

"ಓಗಿಲ್ಲ ಕಣವ್ವ, ಸುಮ್ಕಿರು!"

ಗಿರಣಿ ಸದ್ದಿಗೆ ಅಕ್ಕಪಕ್ಕದವರು ಬಂದೇಬಿಟ್ಟರು. ಎದುರು ಮನೆಯ ದ್ಯಾವಯ್ಯ ಪಂಚಾಯ್ತಿಯ ನೀರು ಬಿಡುವವನು. ಮಗ್ಗುಲ ಅಂಗಡಿಯ ಮುಸವ್ವಿರ್ ಮೋಟರು ರಿಪೇರಿಯವನು. ಇಬ್ಬರೂ ಕುರ್ಚಿ ಎಳೆದುಕೊಂಡು, ಪ್ರಮೀಳಾ ಕೊಟ್ಟ ಕಾಫಿ ಹಿಡಿದು, ಲ್ಯಾಪ್‌ಟಾಪಿಗೆ ಮುಖ ಕೊಟ್ಟು ಕೂತರು.

ಊಟದ ಹೊತ್ತಿಗೆ ದೀಪ ಒಪ್ಪಿತು. ಗುಂಡಿ ಒತ್ತಿದರೆ ಮೈಕು ಮುಚ್ಚಿ ಕೆಂಪಗೆ ಉರಿಯಿತು, ಮತ್ತೆ ಒತ್ತಿದರೆ ಮೈಕು ತೆರೆದು ಆರಿತು. ಚೈತನ್ಯ ಕುರ್ಚಿಯಿಂದ ಎದ್ದು ಕುಣಿದ. "ನೋಡ್ರಪ್ಪ! ದೀಪ ಉರೀತಾ ಇದ್ರೆ ಮೈಕು ಬಂದ್. ನೀವೆಲ್ಲ ಮಾತಾಡ್ಬೋದು. ಆರೋಯ್ತೋ, ಉಸುರು ಬಿಡಂಗಿಲ್ಲ."

"ಉಲ್ಟಾ ಮಾಡಿದ್ದೀಯಲ್ಲೋ," ಎಂದ ದ್ಯಾವಯ್ಯ.

"ಉಲ್ಟಾ ಅಲ್ಲ ಕಣಣ್ಣ, ಎಲ್ಲಾ ಲ್ಯಾಪ್‌ಟಾಪಲ್ಲೂ ಇಂಗೇಯ."

"ಅಂಗಾದ್ರೆ ಎಲ್ಲಾರೂ ಉಲ್ಟಾ ಮಾಡವ್ರೆ ಬುಡು. ಪಂಪ್‌ಹೌಸಲ್ಲಿ ದೀಪ ಉರುದ್ರೆ ಕರೆಂಟ್ ಅದೆ ಅಂತ, ಮೋಟ್ರು ಓಡ್ತದೆ ಅಂತ. ದೀಪ ಉರುದ್ರೆ ಬಂದ್ ಅಂತ ಅಂದ್ರೆ ಯಾವ ಸೀಮೆ ನ್ಯಾಯ್ವಲಾ?"

"ಬರೋಬರ್," ಎಂದ ಮುಸವ್ವಿರ್. "ಭಾಯ್, ಉರಿಯೋ ದೀಪ ನೋಡಿ ಬಂದ್ ಅಂತ ವೈರಿಗೆ ಕೈ ಹಾಕಿದ್ರೆ ಜನಾಜಾನೇ, ಹೆಣ ಎತ್ತೋದೇ."

ಪ್ರಮೀಳಾ ಆದರೂ ಗಂಡನ ಕಡೆ ನಿಲ್ಲಬೇಡವೇ? "ನಮ್ಮ ಎಕ್ಸ್‌ರೇ ರೂಮಲ್ಲೂ ಅಷ್ಟೇ ಕಣ್ರಿ, ದೀಪ ಉರೀತಿದ್ರೆ ಒಳಗೆ ನಡೀತಾ ಅದೆ ಅಂತ," ಎಂದಳು.

ಒಂದು ಸಲ ಪರೀಕ್ಷೆ ಮಾಡೋಣವೆಂದು ಚೈತನ್ಯ ದೀಪ ಆರಿಸಿ, ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದ. ಆರಿದ್ದೇ ತಡ ಚಲುವಮ್ಮ, "ಸದ್ಯ, ಆರೋಯ್ತು! ಲೋ ದ್ಯಾವಯ್ಯ, ನಮ್ಮ ಬೀದಿಗೆ ನೀರು ಬುಟ್ಟು ಎಸ್ಟು ದಿನಾಯ್ತಲಾ?" ಎಂದು ಶುರುಮಾಡಿದಳು. ಇನ್ನೊಂದು ಸಲ ನೋಡಿದಾಗಲೂ ಅದೇ ಕತೆ, ದ್ಯಾವಯ್ಯ ಉತ್ತರ ಬೇರೆ ಕೊಟ್ಟ. ಇವರನ್ನು ತಿದ್ದುವುದಕ್ಕಿಂತ ದೀಪವನ್ನು ತಿದ್ದುವುದು ಸಲೀಸು ಅನ್ನಿಸಿತು ಚೈತನ್ಯನಿಗೆ. ಪ್ರೋಗ್ರಾಮಿನಲ್ಲಿ ಸೊನ್ನೆಯಿದ್ದ ಕಡೆ ಒಂದು, ಒಂದಿದ್ದ ಕಡೆ ಸೊನ್ನೆ ಬರೆದ. ಈಗ ಮೈಕು ತೆರೆದಿದ್ದರೆ ದೀಪ ಉರಿಯುತ್ತದೆ, ಮುಚ್ಚಿದರೆ ಆರುತ್ತದೆ.

"ದೀಪ ಉರುದ್ರೆ ಬಾಯಿ ಮುಚ್ಚಿ. ತಿಳೀತಾ?"

"ಈಗ ಸರಿ ಓಯ್ತು ನೋಡು," ಎಂದರು ಎಲ್ಲರೂ.

ಮೂರು ಗಂಟೆಗೆ ಮೀಟಿಂಗು ಶುರುವಾಯಿತು, ದೀಪ ಉರಿಯಿತು. ಮನೆಯವರ ಶಿಸ್ತನ್ನು ಏನು ಹೇಳಲಿ! ಚಲುವಮ್ಮ ಕೆಮ್ಮು ಬಂದರೆ ಹಿತ್ತಿಲಿಗೆ ಓಡಿದಳು. ಮುಸವ್ವಿರ್ ಸೀನು ಬಂದರೆ ಮೂಗು ಹಿಂಡಿಕೊಂಡ. ಚಿಕ್ಕಯ್ಯನವರು ಭಾಷಣದ ಕೊನೆಗೆ, "ಚೈತನ್ಯ, ನಾಗಮಂಗಲಕ್ಕೆ ನೀನು ಹೋಗ್ತೀಯೇನಪ್ಪ?" ಎಂದರು.

"ಹೋಗ್ತಿದ್ದೆ ಸಾರ್. ಆದ್ರೆ ಸೊಂಟ ನೋವು. ಬಗ್ಗಕ್ಕೂ ಆಗಲ್ಲ."

"ಅಯ್ಯೋ ಪಾಪ. ತಡಿ, ಯೋಚನೆ ಮಾಡಾಣ."

ಆ ಹೊತ್ತಿಗೆ ಪ್ರಮೀಳಾಳ ಫೋನಿಗೆ ಏನೋ ಬಂತು. ನೋಡಿದವಳೇ ಕಣ್ಣರಳಿಸಿ ಗಂಡನ ಬಳಿ ಓಡಿಬಂದಳು. ಬಾಯಿ ತೆರೆಯುವಷ್ಟರಲ್ಲಿ ದ್ಯಾವಯ್ಯ ಗಾಬರಿಯಿಂದ ದೀಪ ತೋರಿಸಿದ. ಅವಳು ಬಾಯಿ ಮುಚ್ಚಿ, ಕೈಯಲ್ಲೇ ಹೇಳತೊಡಗಿದಳು. ತನ್ನೆದೆ ಮುಟ್ಟಿಕೊಂಡಳು, ಗಂಡನ ಕಡೆ ಕೈ ಮಾಡಿದಳು, ಬಸ್ಸು ಓಡಿಸಿದಳು, ಬೇಡ ಬೇಡ ಎಂದು ತಲೆಯಾಡಿಸಿದಳು. 'ನನ್ನ ಬಿಟ್ಟು ಬಸ್ಸು ಹತ್ತಬೇಡಿ ಅಂತಾಳೆ,' ಎಂದುಕೊಂಡ ಚೈತನ್ಯ.

ಅವಳನ್ನು ಸಮಾಧಾನ ಮಾಡಲು ಅವನು ಗುಂಡಿ ಒತ್ತಿದ. ದೀಪ ಆರಿತು. "ರೀ..." ಎಂದಳು ಪ್ರಮೀಳಾ. ಆರಿದ ದೀಪ ನೋಡಿ ಚೈತನ್ಯ ಬೆಚ್ಚಿದ. ಬುದ್ಧಿಗೆ ಗೊತ್ತಿದ್ದರೂ ಕೈಗೆ ಹಳೇ ಪಾಠವೇ ತಾನೆ? ಅಯ್ಯೋ, ತೆರೆದೇ ಇದೆಯಲ್ಲ ಎಂದು ಮತ್ತೆ ಒತ್ತಿದ. ದೀಪ ಉರಿಯಿತು. ಪ್ರಮೀಳಾ ಟಪ್ಪನೆ ಬಾಯಿ ಮುಚ್ಚಿದಳು.

"ಯಾಕೆ ಎಲ್ಲಾ ದೆವ್ವ ಮೆಟ್ಕೊಂಡೋರಂಗೆ ನಿಂತಿದ್ದೀರಿ? ಮಾತಾಡ್ರೋ, ಬಂದ್ ಆಗದೆ!" ಎಂದ ಚೈತನ್ಯ. ಚಲುವಮ್ಮ ತಲೆ ಚಚ್ಚಿಕೊಂಡಳು. ಮುಸವ್ವಿರ್ ಎರಡೂ ಕೈಯಲ್ಲಿ ದೀಪ ತೋರಿಸಿದ. ಇವನು ಅದನ್ನು ನೋಡಿ ನಕ್ಕ. "ಊಂ ಕಣಯ್ಯಾ, ಉರೀತಾ ಅದೆ, ನಾನೇ ಬರ್ದಿದ್ದು. ಪ್ರಮೀಳಾ, ಅಳ್ಬೇಡ ಕಣೆ. ಸೊಂಟ ನೋವೂ ಇಲ್ಲ ಏನೂ ಇಲ್ಲ, ನೋಡಿಲ್ಲಿ!" ಎಂದು, ಕ್ಯಾಮೆರಾ ಇದೆಯೆಂಬುದನ್ನೇ ಮರೆತು ಎದ್ದು, ಮೂಲೆಯಲ್ಲಿದ್ದ ಅಕ್ಕಿ ಮೂಟೆಯನ್ನು ಹೆಗಲಿಗೇರಿಸಿದ. "ನೋವು ಬಂದಿರೋದು ಕಿವಿಗೆ, ಈ ಚಿಕ್ಕಯ್ಯನೋರ ಭಾಷಣ ಕೇಳಿ. ಎರಡು ವರ್ಷ ನಿನ್ನ ಮಕ ನೋಡ್ದೆ ಒದ್ದಾಡಿದ್ದು ಸಾಲ್ದಾ? ಇನ್ನೊಂದ್ ದಿನಾನೂ ನಿನ್ ಬುಟ್ಟು ಇರಕ್ಕಾಗಲ್ಲ ಕಣೆ ನನ್ ಕೈಲಿ."

"ಚೈತನ್ಯ," ಎಂದಿತು ಲ್ಯಾಪ್‌ಟಾಪು. "ಮೂಟೆ ಇಳಿಸಪ್ಪ."

ಮೂಟೆ ತಾನೇ ಇಳಿಯಿತು. ಪರದೆಯ ಮೇಲೆ ಮೇಷ್ಟ್ರುಗಳೆಲ್ಲ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಚಿಕ್ಕಯ್ಯನವರು ಕನ್ನಡಕ ತೆಗೆದು ಒರೆಸಿದರು.

"ನನ್ನ ಭಾಷಣದ ವಿಚಾರ ಆಮೇಲೆ ನೋಡ್ಕೋತೀನಿ. ನಾನೂ ಒಂದು ಕಾಲದಲ್ಲಿ ಹಾಸ್ಟೆಲ್ಲಲ್ಲೇ ಮಲಗ್ದೋನು ಕಣಯ್ಯ. ನಮ್ಮನೆಯೋರು ಇವತ್ತಿಗೂ ಅದನ್ನ ಎತ್ತಾಡ್ತಾರೆ. ಗಂಡ ಹೆಂಡ್ತೀನ ಅಗಲಿಸಿದ ಪಾಪ ನನಗ್ಯಾಕೆ? ನಮ್ಮ ಷಡ್ಡಕನ ಮಗನೇ ಹೋಗ್ಲಿ. ನೀನು ರಿಟೈರಾಗೋವರ್ಗೂ ಪಾಂಡವಪುರ ಬಿಟ್ಟು ಕದಲೋ ಹಾಗಿಲ್ಲ, ಈಗಲೇ ಆರ್ಡರ್ ಮಾಡ್ತೀನಿ."

ಮೀಟಿಂಗು ಮುಗಿಯಿತು. ಚೈತನ್ಯ ಖುಷಿಗೆ ಲ್ಯಾಪ್‌ಟಾಪು ಮುಚ್ಚಿ ಅದಕ್ಕೇ ಮುತ್ತು ಕೊಟ್ಟ. ತಿರುಗಿ ನೋಡಿದರೆ ಪ್ರಮೀಳಾ ನೆಲದ ಮೇಲೆ ಕೂತಿದ್ದಳು.

"ನಿಮ್ಮನ್ನೇ ನಾಗಮಂಗಲಕ್ಕೆ ಹಾಕ್ತಾರೆ ಅಂತ ಗ್ಯಾರಂಟಿ ಇತ್ತಲ್ರಿ," ಎಂದಳು. "ಅಲ್ಲಿ ಆಸ್ಪತ್ರೇಲಿ ಒಬ್ಬಳು ನರ್ಸು ಈ ಕಡೆ ಬರ್ಬೇಕು ಅಂತಿದ್ಲು. ಇಬ್ರೂ ಅದಲು ಬದಲು ಕೇಳಿದ್ವು. ಆದ್ರೆ ಆಯ್ತು, ಆಗ್ದಿದ್ರೆ ಇಲ್ಲ ಅಂತ ನಿಮಗೆ ಹೇಳಿರ್ಲಿಲ್ಲ. ಈಗ ಆರ್ಡರ್ ಬಂತು. ಸೋಮವಾರದಿಂದ ನಾನು ನಾಗಮಂಗಲ, ಅಲ್ಲೇ ರಾತ್ರಿ ಪಾಳಿ."

ಚೈತನ್ಯ ತಕ್ಷಣ ಸೆಕ್ರೆಟರಿಗೆ ಫೋನು ಮಾಡಿದ. ಬಾಯಿ ತೆರೆಯುವ ಮೊದಲೇ ಅತ್ತಲಿಂದ ನಗು ಕೇಳಿಸಿತು.

"ಥ್ಯಾಂಕ್ಸು ಗೀಂಕ್ಸು ಏನೂ ಬೇಡಪ್ಪ. ಆರ್ಡರಿಗೆ ಸೈನ್ ಹಾಕಾಯ್ತು, ಇನ್ನು ಬ್ರಹ್ಮ ಬಂದ್ರೂ ಬದಲಾಗಲ್ಲ. ಎಲ್ಲಿ, ನಿನ್ನ ಹೆಂಡ್ತಿಗೆ ಖುಷಿಯಾಯ್ತಾ?"

ಚೈತನ್ಯ ಹೆಂಡತಿಯನ್ನು ನೋಡಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಖುಷಿಗೆ ಅಳ್ತಾವ್ಳೆ ಸಾರ್," ಎಂದ.